ಸೇತುವೆಯ ಮೇಲಿನ ಇಪ್ಪತ್ತಮೂರನೇ ಚಿತ್ರ

“ಮಂಜು ಏನನ್ನೂ ಕಸಿದುಕೊಳ್ಳುವುದಿಲ್ಲ, ಕೊಡುವುದನ್ನು ತುಸು ತಡಮಾಡುತ್ತದೆ.” ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಎಲ್ಲೋ ಕೇಳಿದ ಸಾಲು. ‘ತುಸು ತಡ’ ಎಂದಿತ್ತೋ ‘ತುಸು ದೂರ’ ಎಂದಿತ್ತೋ ಈಗ ನೆನಪಿಲ್ಲ. ಬರೆದವರು ಯಾರೆಂಬುದೂ ನೆನಪಿಲ್ಲ. ಈ ವಾರ ನಡೆದದ್ದನ್ನು ನೋಡಿದರೆ ಎರಡರಲ್ಲಿ ಯಾವುದೂ ನಿಜವಲ್ಲ ಅನ್ನಿಸುತ್ತದೆ. ಒಂದು ರಾತ್ರಿಯ ತಡವನ್ನು ತುಸು ತಡ ಎನ್ನಲಾಗದು. ಹೇಳಿಕೆ ಇಲ್ಲಿಂದಲೇ ಶುರುವಾಗಬೇಕೇ ಎಂದು ಅಧಿಕಾರಿ ನಿಕ್ಲಾಸ್ ಹೆಡ್‌ಬರ್ಗ್ ಕೇಳಿದರು. ಬುಧವಾರ ಬೆಳಿಗ್ಗೆ ಕ್ಯಾಮೆರಾ ಎತ್ತಿದಾಗ ನನ್ನ ತಲೆಯಲ್ಲಿದ್ದದ್ದು ಈ ಸಾಲು, ಎದುರಿಗಿದ್ದ ಮನುಷ್ಯನಲ್ಲ, ಆದ್ದರಿಂದ ಬರೆದುಕೊಳ್ಳಬೇಕು ಎಂದೆ. ಅವರು ಬರೆದುಕೊಂಡರು.

ನನ್ನ ಹೆಸರು ಈಲ್ವಾ ಥುರೆಸ್ಸನ್. ವಯಸ್ಸು ನಲವತ್ತೆಂಟು. ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ. ಉದ್ಯೋಗ, ಗ್ರಂಥಾಲಯವೊಂದರಲ್ಲಿ ಹಳೆಯ ಪುಸ್ತಕಗಳ ಸೂಚಿ ತಯಾರಿಸುವುದು. ವಾಸ, ಗೋಥೆನ್‌ಬರ್ಗ್ ನಗರ, ಸೇಗೆಲ್ ಬೀದಿ 14, ಮೂರನೇ ಮಹಡಿ. ನಿನ್ನೆ, ಅಂದರೆ ನವೆಂಬರ್ 9ರ ಗುರುವಾರ ಬೆಳಿಗ್ಗೆ 11.20ಕ್ಕೆ ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ತಪ್ಪಿದೆ. ಅದನ್ನು ತಿದ್ದಲು ನನ್ನ ಇಚ್ಛೆಯಿಂದಲೇ ಠಾಣೆಗೆ ಬಂದು ತಿಳಿಯಪಡಿಸುವುದು ಇಷ್ಟು.

ಹದಿನಾರು ವರ್ಷಗಳಿಂದ ನಾನು ಬೀದಿಯಲ್ಲಿ ಓಡಾಡುವ ಅಪರಿಚಿತರ ಫೋಟೊ ತೆಗೆಯುತ್ತಿದ್ದೇನೆ. ಫಿಲಂ ಹಾಕುವ ಹಳೆಯ ಕ್ಯಾಮೆರಾ, ಕಪ್ಪು ಬಿಳುಪು. ಟ್ರಾಮ್ ನಿಲ್ದಾಣದಲ್ಲಿ ಆಕಳಿಸುವವರು, ಮೀನಿನಂಗಡಿಯ ಸಾಲಿನಲ್ಲಿ ನಿಂತು ಬೇರೆಲ್ಲೋ ಇರುವವರು, ಬೆಂಚಿನ ಮೇಲೆ ಕೈಚೀಲವನ್ನು ಮಗುವಿನಂತೆ ಹಿಡಿದು ಕೂತವರು. ಮೊದಲೇ ಹೇಳಿ ತೆಗೆಯುವುದಿಲ್ಲ, ಹೇಳಿದರೆ ಅವರು ಅವರಾಗಿ ಉಳಿಯುವುದಿಲ್ಲ. ಬೇಡ ಎಂದವರ ಚಿತ್ರವನ್ನು ಕತ್ತರಿಸಿ ಅವರಿಗೇ ಕೊಡುತ್ತೇನೆ. ಪರಿಚಯದವರನ್ನು ತೆಗೆಯಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ. ಚಿತ್ರಗಳನ್ನು ಎಲ್ಲೂ ತೋರಿಸಿಲ್ಲ, ಬೂಟಿನ ಡಬ್ಬಿಗಳಲ್ಲಿವೆ. ತಮ್ಮದೂ ಒಂದು ಇದೆಯೇ ಎಂದು ಅಧಿಕಾರಿ ಕೇಳಿದರು. ಇರಬಹುದು ಎಂದೆ.

ನವೆಂಬರ್ 8, ಬುಧವಾರ. ಬೆಳಿಗ್ಗೆ 8.25ಕ್ಕೆ ಮನೆಯಿಂದ ಹೊರಟೆ. ಮಂಜು ಎಷ್ಟಿತ್ತೆಂದರೆ ನಮ್ಮ ಬೀದಿಯ ತುದಿಯಲ್ಲಿ ಟ್ರಾಮ್ ಹಾದುಹೋದದ್ದು ಅದರ ಗಂಟೆಯಿಂದಷ್ಟೇ ತಿಳಿಯಿತು. ಮನೆಯಿಂದ ಕಾಲುವೆಗೆ 650 ಮೀಟರ್. ಅಲ್ಲಿ ನೀರಿನ ಮೇಲೆ ಕಬ್ಬಿಣದ ಕಾಲುಸೇತುವೆ ಇದೆ. ಅದರ ಈಚೆ ತುದಿ ನಮ್ಮ ಮನೆಗಳ ಕಡೆ, ಆಚೆ ತುದಿ ಬಂದರಿನ ಕಡೆ. ಸೇತುವೆಯಿಂದ ಹದಿನಾಲ್ಕು ಮೀಟರ್ ದೂರದಲ್ಲಿ ಕಾಲುವೆಯ ನಡುವಿನವರೆಗೆ ಚಾಚಿದ ಮರದ ದೋಣಿಕಟ್ಟೆ ಇದೆ. ಅದರ ತುದಿಗೆ ಹೋಗಿ ಸೇತುವೆಗೆ ಮುಖಮಾಡಿ ನಿಂತೆ. ಅಲ್ಲಿಂದ ನೋಡಿದರೆ ಮನೆಗಳು ಎಡಕ್ಕೆ, ಬಂದರು ಬಲಕ್ಕೆ. ಆ ಹೊತ್ತಿನಲ್ಲಿ ಎರಡೂ ಇರಲಿಲ್ಲ. ಸೇತುವೆಯ ಎರಡು ತುದಿಗಳೂ ಕರಗಿಹೋಗಿ, ನಡುವಿನ ತುಂಡೊಂದು ಯಾರೋ ಮರೆತುಬಿಟ್ಟ ವಾಕ್ಯದಂತೆ ಗಾಳಿಯಲ್ಲಿ ನಿಂತಿತ್ತು.

8.40ಕ್ಕೆ ಒಬ್ಬರು ಅದರ ಮೇಲೆ ನಡೆದುಹೋದರು. ಟೋಪಿ, ಉದ್ದನೆಯ ಕೋಟು, ಒಂದು ಕೈಯಲ್ಲಿ ಚೀಲ. ಮುಖ ಕಾಣಲಿಲ್ಲ. ನೋಡುವ ಪ್ರಯತ್ನವನ್ನೂ ನಾನು ಮಾಡಲಿಲ್ಲ. ಒಂದೇ ಚಿತ್ರ ತೆಗೆದೆ, ಆ ಸುರುಳಿಯ ಇಪ್ಪತ್ತಮೂರನೆಯದು. ಫಿಲಂ ಮುಂದಕ್ಕೆ ತಿರುಗಿಸಿ, ಕನ್ನಡಕದ ಮೇಲಿನ ಹನಿ ಒರೆಸಿ ತಲೆಯೆತ್ತಿದಾಗ ಸೇತುವೆ ಖಾಲಿಯಾಗಿತ್ತು. ಆ ದಿನಕ್ಕೆ ಇನ್ನೇನೂ ಬೇಡ ಅನ್ನಿಸುವಷ್ಟು ಸಂತೋಷವಾಯಿತು. 9.30ಕ್ಕೆ ಕೆಲಸಕ್ಕೆ ಹಾಜರಾದೆ.

ಸಂಜೆ 6.50ಕ್ಕೆ ಮನೆಗೆ ಮರಳಿದಾಗ ನೆಲಮಹಡಿಯ ಬಾಗಿಲು ತೆರೆದಿತ್ತು. ಆ ಮನೆಯಲ್ಲಿರುವವರು ಗುನ್‌ವೊರ್ ಹಲ್ಲೆಂಗ್ರೆನ್, ವಯಸ್ಸು ಎಪ್ಪತ್ತಾರು, ಮತ್ತು ಅವರ ಪತಿ ಸಿಕ್ಸ್ಟೆನ್, ವಯಸ್ಸು ಎಪ್ಪತ್ತೊಂಬತ್ತು, ಟ್ರಾಮ್ ಚಾಲಕರಾಗಿದ್ದು ನಿವೃತ್ತರಾದವರು. ಎರಡು ವರ್ಷಗಳಿಂದ ಸಿಕ್ಸ್ಟೆನ್ ಅವರಿಗೆ ಮರೆವಿನ ಕಾಯಿಲೆ. ಒಂಬತ್ತು ವರ್ಷಗಳಿಂದ ನಾವು ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇವೆ, ಆದರೆ ಮಾತು ಹವಾಮಾನದಿಂದ ಆಚೆ ಹೋದದ್ದಿಲ್ಲ. ಬಾಗಿಲಲ್ಲಿ ಇಬ್ಬರು ಪೊಲೀಸರಿದ್ದರು. ಗುನ್‌ವೊರ್ ಪೊಲೀಸರಿಗೆ ಹೇಳುತ್ತಿದ್ದದ್ದನ್ನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ಆಡಿದ ಹಾಗೆಯೇ ಬರೆಸುತ್ತಿದ್ದೇನೆ.

“ಎಂಟಕ್ಕೆ ಹತ್ತು ನಿಮಿಷ ಇತ್ತು. ಕಂದು ಟೋಪಿ ಹಾಕ್ಕೊಂಡ, ಬೂದು ಕೋಟು, ಬಟ್ಟೆ ಚೀಲ ತಗೊಂಡ, ಹೋದ. ಎಲ್ಲಿಗೆ ಅಂತ ಕೇಳಲಿಲ್ಲ ನಾನು. ಕೇಳೋ ಹಾಗಿರಲಿಲ್ಲ ಬಿಡಿ.”

ಏಕೆ ಎಂದು ಪೊಲೀಸರೊಬ್ಬರು ಕೇಳಿದರು.

“ಖಾಲಿ ಕೆಟಲ್ ಒಲೆ ಮೇಲಿಟ್ಟಿದ್ದ, ಈ ವಾರದಲ್ಲಿ ಮೂರನೇ ಸಲ. ನಿನ್ನ ಜೊತೆ ಏಗಕ್ಕಾಗಲ್ಲ ನನಗೆ, ಎಲ್ಲಾದ್ರೂ ಹೋಗು ಅಂದೆ. ಐವತ್ತೆರಡು ವರ್ಷದಲ್ಲಿ ನಾನು ಹೇಳಿದ್ದನ್ನ ಒಂದೇ ಸಲಕ್ಕೆ ಕೇಳಿದ್ದು ಇದೇ ಮೊದಲು.”

ಪೊಲೀಸರು ನನ್ನ ಕಡೆ ತಿರುಗಿ ಸಿಕ್ಸ್ಟೆನ್ ಅವರನ್ನು ಕಂಡಿರಾ ಎಂದು ಕೇಳಿದರು. ಇಲ್ಲ ಎಂದೆ. ಆಗ ಅದು ಸುಳ್ಳಾಗಿರಲಿಲ್ಲ. ಮೂರನೇ ಮಹಡಿ ತಲುಪಿ ಬೀಗ ತೆಗೆಯುವಾಗ ಟೋಪಿ ನೆನಪಾಯಿತು. ಆದರೆ ಈ ಊರಿನಲ್ಲಿ ನವೆಂಬರ್ ತಿಂಗಳಲ್ಲಿ ಟೋಪಿ, ಉದ್ದ ಕೋಟು ಹಾಕಿದ ಮುದುಕರು ಎಷ್ಟೊಂದು ಜನ. ಖಚಿತವಿಲ್ಲದ್ದನ್ನು ಹೇಳಬಾರದು, ಫಿಲಂ ತೊಳೆದು ನೋಡಿದ ಮೇಲೆ ಹೇಳೋಣ ಅಂದುಕೊಂಡೆ.

ನಾನು ಫಿಲಂ ತೊಳೆಯುವುದು ನಮ್ಮ ಕಟ್ಟಡದ ತಳಮಹಡಿಯಲ್ಲಿ, ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಲ್ಲಿ. ಅದಕ್ಕೆ ಅಂಟಿಕೊಂಡಂತೆ ಕಿಟಕಿಯಿಲ್ಲದ ಇಸ್ತ್ರಿ ಕೋಣೆ ಇದೆ, ಕತ್ತಲೆಗೆ ಅನುಕೂಲ. ಬಾಗಿಲ ಪಕ್ಕದ ಪಟ್ಟಿಯಲ್ಲಿ ಮೂರು ಗಂಟೆಗೊಬ್ಬರಂತೆ ಹೆಸರು ಬರೆದು ಸರದಿ ಕಾಯ್ದಿರಿಸಬೇಕು. ಬುಧವಾರ ಸಂಜೆ ಏಳರಿಂದ ಹತ್ತರವರೆಗೆ ಅಲ್ಲಿದ್ದದ್ದು ಎರಡನೇ ಮಹಡಿಯ ರೋಲ್ಫ್ ಬ್ಯೋರ್ಕ್ ಅವರ ಹೆಸರು. ಹಿಂದಿನ ವರ್ಷ ಅವರು ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ‘ಒಗೆಯುವ ಕೋಣೆ ಇರುವುದು ಒಗೆಯುವುದಕ್ಕೆ. ಸಿನಿಮಾ ತೊಳೆಯುವವರು ಗಮನಿಸಿ.’ ನನ್ನ ಸರದಿ ಇದ್ದದ್ದು ಗುರುವಾರ ಬೆಳಿಗ್ಗೆ ಏಳಕ್ಕೆ. ನಾನು ಕಾದೆ.

ಏಕೆ ಕಾದಿರಿ, ಅವರ ಬಾಗಿಲು ಬಡಿದು ಕೇಳಬಹುದಿತ್ತಲ್ಲ ಎಂದು ಅಧಿಕಾರಿ ಕೇಳಿದರು. ಪಟ್ಟಿಯಲ್ಲಿ ಅವರ ಹೆಸರಿತ್ತು ಎಂದೆ. ಅದನ್ನು ಬರೆದುಕೊಂಡು ಅಧಿಕಾರಿ, ತಮ್ಮ ಕಟ್ಟಡದಲ್ಲಾಗಿದ್ದರೆ ತಾವೂ ಬಡಿಯುತ್ತಿರಲಿಲ್ಲವೇನೋ ಎಂದರು. ಆ ರಾತ್ರಿ ಉಷ್ಣಾಂಶ ಎರಡು ಡಿಗ್ರಿಗೆ ಇಳಿದಿತ್ತೆಂದು ಮರುದಿನ ತಿಳಿಯಿತು.

ಗುರುವಾರ ಬೆಳಿಗ್ಗೆ 7.00ಕ್ಕೆ ಕೋಣೆ ಹೊಕ್ಕೆ. 7.45ರ ಹೊತ್ತಿಗೆ ಫಿಲಂ ತೊಳೆದಾಗಿತ್ತು. ಬಟ್ಟೆ ಒಣಗಿಸುವ ಬಿಸಿಗಾಳಿಯ ಬೀರುವಿನಲ್ಲಿ ಯಾರದೋ ಒಂಟಿ ಕಾಲುಚೀಲದ ಪಕ್ಕ ಅದನ್ನು ನೇತುಹಾಕಿ ಕಾದೆ. 9.20ಕ್ಕೆ ಇಪ್ಪತ್ತಮೂರನೇ ಚಿತ್ರವನ್ನು ಬೆಳಕಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಮಂಜು ಕಪ್ಪಾಗಿತ್ತು, ಮನುಷ್ಯ ಬೆಳ್ಳಗಿದ್ದರು. ಭೂತಗನ್ನಡಿ ಇಟ್ಟು ನೋಡಿದಾಗ ಕುತ್ತಿಗೆಯನ್ನು ಮುಂದಕ್ಕೆ ಚಾಚಿ ನಡೆಯುವ ಭಂಗಿ ಕಂಡಿತು, ಹಳಿಯ ಮೇಲೆ ಏನೋ ಇದೆಯೇ ಎಂದು ನೋಡುವವರ ಹಾಗೆ. ಅದು ಸಿಕ್ಸ್ಟೆನ್. ಒಂಬತ್ತು ವರ್ಷ ಒಂದೇ ಮೆಟ್ಟಿಲು ಹತ್ತಿದವರನ್ನು ನಾನು ಅಪರಿಚಿತರೆಂದು ತೆಗೆದಿದ್ದೆ.

ಹತ್ತು ಗಂಟೆಯೊಳಗೆ ಕಾಗದದ ಮೇಲೆ ಮೂಡಿಸಬೇಕೆಂದು ಅವಸರ ಮಾಡಿದೆ. ಕೆಂಪು ದೀಪದಲ್ಲಿ ನೆಗೆಟಿವ್ ಅನ್ನು ಚಿತ್ರ ಹಿಗ್ಗಿಸುವ ಯಂತ್ರಕ್ಕೆ ಸೇರಿಸಿ, ಬೆಳಕು ಬಿಟ್ಟು, ಕಾಗದವನ್ನು ದ್ರಾವಣದಲ್ಲಿ ಅದ್ದಿದೆ. ಮೊದಲು ಟೋಪಿ ಬಂತು, ಆಮೇಲೆ ಕಂಬಿಗಳು, ಕೊನೆಗೆ ಚೀಲ. ತಟ್ಟೆಯ ನೀರಿನಲ್ಲಿ ಅವರು ಎಡದಿಂದ ಬಲಕ್ಕೆ ನಡೆಯುತ್ತಿದ್ದರು.

10.00ಕ್ಕೆ ಸರಿಯಾಗಿ ಬಾಗಿಲು ಬಡಿದ ಸದ್ದಾಯಿತು. ಮುಂದಿನ ಸರದಿಯೂ ರೋಲ್ಫ್ ಅವರದೇ.

“ಹತ್ತಾಯ್ತು ಈಲ್ವಾ. ನಿಮ್ಮ ಕಪ್ಪು ಬಿಳುಪು ಬಟ್ಟೆ ಒಣಗಿದ್ರೆ ಎತ್ಕೊಳ್ಳಿ.”

ಬಾಗಿಲು ತೆಗೆದೆ. ನನ್ನ ಕೈಯಲ್ಲಿದ್ದ ಒದ್ದೆ ಚಿತ್ರವನ್ನು ಅವರು ನೋಡಿದರು.

“ಸಿಕ್ಸ್ಟೆನ್ ಅಲ್ವಾ ಇದು? ನಿನ್ನೆ ತೆಗೆದಿದ್ದಾ? ಮತ್ತೆ ನಿನ್ನೆ ಸಂಜೆನೇ ತೊಳೆಯೋಕೇನಾಗಿತ್ತು?”

ನಿಮ್ಮ ಸರದಿ ಇತ್ತು ಎಂದೆ. ಅವರು ಬಟ್ಟೆಯ ಬುಟ್ಟಿಯನ್ನು ನೆಲಕ್ಕಿಟ್ಟರು.

“ನನ್ನ ದಿಂಬಿನ ಕವರಿಗೋಸ್ಕರನಾ?” ಎಂದರು.

10.05ಕ್ಕೆ ಚಿತ್ರವನ್ನು ಗುನ್‌ವೊರ್ ಅವರಿಗೆ ತೋರಿಸಿದೆ. ಟೋಪಿ ಅವನದೇ, ನಡಿಗೆ ಅವನದೇ ಎಂದರು. 11.20ಕ್ಕೆ ಅಧಿಕಾರಿ ಹೆಡ್‌ಬರ್ಗ್ ನಮ್ಮ ಕಟ್ಟಡಕ್ಕೇ ಬಂದು, ನನ್ನ ಮನೆಯಲ್ಲಿ ನನ್ನ ಮೊದಲ ಹೇಳಿಕೆ ಪಡೆದರು. ಚಿತ್ರದಲ್ಲಿ ಸಿಕ್ಸ್ಟೆನ್ ಬಲಕ್ಕೆ, ಅಂದರೆ ಬಂದರಿನ ಕಡೆಗೆ ಹೋಗುತ್ತಿದ್ದರು. ಹಾಗೆ ಹೋದದ್ದು ನಿಮಗೆ ನೆನಪಿದೆಯೇ ಎಂದು ಅಧಿಕಾರಿ ಕೇಳಿದರು. ನೆನಪಿದೆ ಎಂದೆ. ನಾನು ತಿದ್ದಲು ಬಂದಿರುವುದು ಈ ಮಾತನ್ನು.

ಮಧ್ಯಾಹ್ನ 12.15ಕ್ಕೆ ಬಂದರಿನ ದೋಣಿ ನಿಲ್ದಾಣದ ಬಳಿ ಕಾಫಿ ಗಾಡಿ ಇಟ್ಟಿರುವ ಹೆಂಗಸು, ಬುಧವಾರ ಬೆಳಿಗ್ಗೆ ಇಂಥ ಟೋಪಿಯವರು ತನ್ನಲ್ಲಿ ಎರಡು ಏಲಕ್ಕಿ ಬನ್ನು ಕೊಂಡರೆಂದು ಪೊಲೀಸರಿಗೆ ತಿಳಿಸಿದರು. ಗಂಟೆ ಎಷ್ಟೆಂದು ಆಕೆ ನೋಡಿರಲಿಲ್ಲ. ಚಿತ್ರ ಹೇಳಿದ್ದಕ್ಕೂ ಆಕೆ ಹೇಳಿದ್ದಕ್ಕೂ ತಾಳೆಯಾಯಿತು. ಅಲ್ಲಿಂದ ಮುಂದೆ ಇರುವುದು ಹಡಗುಕಟ್ಟೆ ಮತ್ತು ನೀರು. 12.50ಕ್ಕೆ ಎರಡು ದೋಣಿಗಳು ನೀರಿಗಿಳಿದವು.

1.00 ಗಂಟೆಯಿಂದ ನಾನು ಗುನ್‌ವೊರ್ ಅವರ ಅಡುಗೆಮನೆಯಲ್ಲಿ ಕೂತಿದ್ದೆ. ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅವರು ಕಾಫಿ ಮಾಡಿದರು, ಇಬ್ಬರೂ ಕುಡಿಯಲಿಲ್ಲ. ಕಿಟಕಿಯ ಹೊರಗೆ ಮಂಜು ತೆಳುವಾಗಿ, ಬಿಸಿಲು ಹಾಲಿಗೆ ನೀರು ಬೆರೆಸಿದಂತೆ ಇತ್ತು. ಚಿತ್ರ ಮೇಜಿನ ಮೇಲಿತ್ತು. ಅವರು ಅದನ್ನು ನೋಡುತ್ತಿದ್ದರು, ನಾನು ಅವರ ಕೈಗಳನ್ನು ನೋಡುತ್ತಿದ್ದೆ.

“ಎಷ್ಟು ವರ್ಷದಿಂದ ಜನರ ಫೋಟೊ ತೆಗೀತೀರಿ ನೀವು?” ಎಂದು ಕೇಳಿದರು. ಹದಿನಾರು ಎಂದೆ.

“ಯಾರೂ ಬೈಯಲ್ವಾ?”

ಕೆಲವರು ಬೈಯುತ್ತಾರೆ ಎಂದೆ.

“ನಾನಾಗಿದ್ರೆ ಬೈತಿದ್ದೆ. ಟೋಪಿ ಸರಿಮಾಡ್ಕೊಳ್ಳೋಕೂ ಬಿಡಲ್ಲ ನೀವು ಜನಕ್ಕೆ.”

3.20ಕ್ಕೆ ಅವರು ಚಿತ್ರವನ್ನು ಕೈಗೆತ್ತಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ಮೇಜಿನ ಮೇಲಿಟ್ಟರು.

“ಇವನು ಸಿಕ್ಸ್ಟೆನ್ ಅಲ್ಲ.”

ಏಕೆ ಎಂದು ಕೇಳಿದೆ.

“ಚೀಲ ಬಲಗೈಲಿದೆ ನೋಡಿ. ಇಪ್ಪತ್ತು ವರ್ಷ ಟ್ರಾಮಿನ ಬ್ರೇಕು ತಿರುಗಿಸಿ ತಿರುಗಿಸಿ ಬಲಭುಜ ಹೋಯ್ತು ಅವನಿಗೆ. ಆ ಕೈಲಿ ಒಂದು ಲೋಟ ಎತ್ತಲ್ಲ. ಏನು ಕೊಟ್ರೂ ಎಡಗೈ. ಪಾದ್ರಿ ಕೈ ಕುಲುಕೋದೂ ಎಡಗೈಲೇ, ಬೈಸ್ಕೊಂಡಿದಾನೆ. ಯಾರೋ ಬೇರೆಯವರದು ತೆಗೆದಿದ್ದೀರಿ ನೀವು. ಬೆಳಿಗ್ಗೆಯಿಂದ ಯಾರನ್ನೋ ನೋಡ್ಕೊಂಡು ಅತ್ತಿದೀನಿ ನಾನು.”

ಆಗ ನನಗೆ ತಿಳಿಯಿತು. ನೆಗೆಟಿವ್‌ಗೆ ಎರಡು ಮೈ. ಒಂದು ಹೊಳೆಯುತ್ತದೆ, ಒಂದು ಮಸುಕಾಗಿರುತ್ತದೆ. ಮಸುಕು ಮೈ ಕಾಗದದ ಕಡೆಗಿರಬೇಕು. ಮಗುಚಿಟ್ಟರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನಾನು ಸಾಮಾನ್ಯವಾಗಿ ಅಂಗಡಿ ಹಲಗೆಯದೋ ಟ್ರಾಮಿನದೋ ಅಕ್ಷರ ನೋಡಿ ಸರಿಯಿದೆಯೇ ಎಂದು ಖಚಿತಮಾಡಿಕೊಳ್ಳುತ್ತೇನೆ. ಈ ಚಿತ್ರದಲ್ಲಿ ಒಂದು ಅಕ್ಷರವೂ ಇರಲಿಲ್ಲ, ಮಂಜು ಮಾತ್ರ ಇತ್ತು. ಮಂಜಿಗೆ ಎಡಬಲವಿಲ್ಲ. ಹತ್ತು ಗಂಟೆಯ ಅವಸರದಲ್ಲಿ ನಾನು ಮೈ ನೋಡಿರಲಿಲ್ಲ.

ಚಿತ್ರವನ್ನು ತೆಗೆದುಕೊಂಡು, ಮುಖವನ್ನು ಹೊರಗೆ ಮಾಡಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಯ ಮೇಲಿತ್ತು. ಕಾಗದದ ಬೆನ್ನಿನಿಂದ ಬೆಳಕು ಇಳಿದು ಬಂತು. ಮೊದಲು ಬಿಳುಪು ಮಾತ್ರ, ಆಮೇಲೆ ಕಂಬಿಗಳ ನೆರಳು, ಆಮೇಲೆ ಅವರು. ಚೀಲ ಎಡಗೈಯಲ್ಲಿತ್ತು. ಬಲದಿಂದ ಎಡಕ್ಕೆ ನಡೆಯುತ್ತಿದ್ದರು. ನಾವಿಬ್ಬರೂ ನೋಡುತ್ತಿದ್ದಂತೆ, ಹೆಜ್ಜೆ ನಿಲ್ಲಿಸದೆ, ತಿರುಗಿ ನೋಡದೆ, ಅವರು ನೀರಿನ ಕಡೆಯಿಂದ ಮನೆಗಳ ಕಡೆಗೆ ಬರುವವರಾದರು.

ಗುನ್‌ವೊರ್ ಗಾಜಿನ ಮೇಲೆ ಬೆರಳಿಟ್ಟರು. ಅವರ ಮಾತು ಹೀಗಿತ್ತು. “ಅಂದ್ರೆ ಆಗಲೇ ಬನ್ನು ತಗೊಂಡು ವಾಪಸ್ ಹೊರಟಿದಾನೆ. ನೀರಿನ ಹತ್ರ ಇಲ್ಲವೇ ಇಲ್ಲ. ಈ ಕಡೆ ಬಂದು ನಮ್ಮ ಬೀದಿಗೆ ತಿರುಗಿಲ್ಲ ಅಂದ್ರೆ ನೇರ ಗುಡ್ಡ ಹತ್ತಿರ್ತಾನೆ. ತೋಟಕ್ಕೆ ಹೋಗಿರ್ತಾನೆ ಕಣೇ. ಮೂವತ್ತು ಬೇಸಿಗೆ ಅಲ್ಲೇ ಇದ್ವಲ್ಲ. ಮಾರಿ ನಾಲ್ಕು ವರ್ಷ ಆಯ್ತು ಅನ್ನೋದು ಅವನಿಗೆಲ್ಲಿ ನೆನಪಿರುತ್ತೆ? ಫೋನು ಮಾಡು, ಏನ್ ನಿಂತಿದೀಯ.”

3.31ಕ್ಕೆ ಅಧಿಕಾರಿ ಹೆಡ್‌ಬರ್ಗ್ ಅವರಿಗೆ ಫೋನ್ ಮಾಡಿ, ಚಿತ್ರ ಉಲ್ಟಾ ಆಗಿದೆ, ಅವರು ಮನೆಯ ಕಡೆ ಬರುತ್ತಿದ್ದರು ಎಂದು ತಿಳಿಸಿದೆ. ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ.

ಗುಡ್ಡದ ಮೇಲೆ ನಗರದ ಜನ ಬೇಸಿಗೆಗೆಂದು ಇಟ್ಟುಕೊಂಡಿರುವ ಸಣ್ಣ ಸಣ್ಣ ತೋಟಗಳಿವೆ, ಒಂದೊಂದರಲ್ಲಿ ಒಂದೊಂದು ಮರದ ಗುಡಿಸಲು. ನವೆಂಬರ್‌ನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಸೇತುವೆಯಿಂದ ಅಲ್ಲಿಗೆ 550 ಮೀಟರ್. ಸಂಜೆ 4.10ಕ್ಕೆ ಪೊಲೀಸರು, ಹಿಂದೆ ಹಲ್ಲೆಂಗ್ರೆನ್ ದಂಪತಿಯದಾಗಿದ್ದ ಮೂವತ್ತೊಂದನೇ ನಂಬರಿನ ಗುಡಿಸಲಿನ ಹಿಂದಿನ ಸಲಕರಣೆ ಕೊಠಡಿಯಲ್ಲಿ ಸಿಕ್ಸ್ಟೆನ್ ಅವರನ್ನು ಕಂಡರು. ಗೋಣಿಚೀಲ ಹೊದ್ದು, ಮಗುಚಿಟ್ಟ ಬಕೆಟ್ಟಿನ ಮೇಲೆ, ಗೋಡೆಗೊರಗಿ ಕೂತಿದ್ದರು. ಮೈ ತಣ್ಣಗಾಗಿತ್ತು, ನಿಲ್ಲಲು ಆಗುತ್ತಿರಲಿಲ್ಲ, ಉಸಿರಿತ್ತು. ಚೀಲದಲ್ಲಿ ಒಂದು ಏಲಕ್ಕಿ ಬನ್ನು ಕಾಗದದಲ್ಲಿ ಸುತ್ತಿದಂತೆಯೇ ಇತ್ತು. ಇನ್ನೊಂದನ್ನು ತಿಂದಿದ್ದರು. 4.35ಕ್ಕೆ ಅವರನ್ನು ಆಸ್ಪತ್ರೆಗೆ ಒಯ್ಯಲಾಯಿತು. ಇನ್ನೊಂದು ರಾತ್ರಿ ಅಲ್ಲಿದ್ದರೆ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದ್ದಾಗಿ ಅಧಿಕಾರಿ ನನಗೆ ತಿಳಿಸಿದರು. ಮೊದಲನೇ ರಾತ್ರಿ, ನಾನು ಸರದಿ ಕಾದ ರಾತ್ರಿ.

ಈಗ ತಿದ್ದುಪಡಿ. ಸಿಕ್ಸ್ಟೆನ್ ಬಂದರಿನ ಕಡೆ ಹೋದದ್ದು ನೆನಪಿದೆ ಎಂದು ಗುರುವಾರ ನಾನು ಹೇಳಿದ್ದು ತಪ್ಪು. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆಂದು ಅನ್ನಿಸಲಿಲ್ಲ. ಕಣ್ಣು ಮುಚ್ಚಿದರೆ ಅವರು ಬಲಕ್ಕೆ ನಡೆಯುವುದು ಕಾಣುತ್ತಿತ್ತು, ಅವರ ಹೆಜ್ಜೆಯ ಸದ್ದು ಕೂಡ ಬಲಕ್ಕೇ ಹೋಗುತ್ತಿತ್ತು. ನನಗೆ ನೆನಪಿದ್ದದ್ದು ಸೇತುವೆಯಲ್ಲ, ಕಾಗದ. ಸೇತುವೆಯ ಮೇಲೆ ಅವರು ಯಾವ ಕಡೆ ನಡೆದರೆಂದು ಇವತ್ತಿಗೂ ನನಗೆ ನೆನಪಾಗಿಲ್ಲ. ಎಡಗಡೆಗೆ ಎಂದು ಈಗ ಹೇಳುತ್ತಿರುವುದು ನೆಗೆಟಿವ್‌ನ ಮಸುಕು ಮೈ ನೋಡಿ, ಗುನ್‌ವೊರ್ ಅವರ ಮಾತು ಕೇಳಿ. ನಾನು ಹದಿನಾಲ್ಕು ಮೀಟರ್ ದೂರದಲ್ಲಿದ್ದೆ. ಗುನ್‌ವೊರ್ ಅಡುಗೆಮನೆಯಲ್ಲಿ ಕೂತು ನನಗಿಂತ ಸರಿಯಾಗಿ ನೋಡಿದರು. ಬುಧವಾರ ಸಂಜೆ ಅನುಮಾನವಿದ್ದೂ ಪೊಲೀಸರಿಗೆ ತಿಳಿಸದೆ ಇದ್ದದ್ದೂ, ಸರದಿ ಕಾದದ್ದೂ ನನ್ನದೇ ತೀರ್ಮಾನ. ರೋಲ್ಫ್ ಬ್ಯೋರ್ಕ್ ಅವರ ತಪ್ಪು ಇದರಲ್ಲಿ ಏನೂ ಇಲ್ಲ. ನೆಗೆಟಿವ್ ಅನ್ನು ಠಾಣೆಗೆ ಒಪ್ಪಿಸಬೇಕೇ ಎಂದು ಕೇಳಿದೆ. ಬೇಡ, ನಕಲೊಂದು ಸಾಕು, ಈ ಸಲ ಸರಿಯಾದ ಮೈ ನೋಡಿ ಕೊಡಿ ಎಂದು ಅಧಿಕಾರಿ ಹೇಳಿದರು.

ಮೇಲೆ ಬರೆದದ್ದನ್ನು ಓದಿಸಿ ಕೇಳಿಸಿಕೊಂಡಿದ್ದೇನೆ. ನಾನು ಕಂಡದ್ದನ್ನು ಕಂಡೆನೆಂದೂ ಕಾಣದ್ದನ್ನು ಕಾಣಲಿಲ್ಲವೆಂದೂ ಬರೆಸಿದ್ದೇನೆ. ಯಾರ ಒತ್ತಾಯವೂ ಇರಲಿಲ್ಲ.

ಸ್ಥಳ: ಗೋಥೆನ್‌ಬರ್ಗ್
ದಿನಾಂಕ: 10 ನವೆಂಬರ್ 2023, ಶುಕ್ರವಾರ, ಬೆಳಿಗ್ಗೆ 11.40
ಸಹಿ: ಈಲ್ವಾ ಥುರೆಸ್ಸನ್
ಬರೆದುಕೊಂಡವರು: ನಿಕ್ಲಾಸ್ ಹೆಡ್‌ಬರ್ಗ್

ಹೇಳಿಕೆ ಕೊಟ್ಟವರ ಕೋರಿಕೆಯ ಮೇರೆಗೆ ಸಹಿಯ ಕೆಳಗೆ ಸೇರಿಸಿದ್ದು:

ಈ ದಿನ ಬೆಳಿಗ್ಗೆ 8.10ಕ್ಕೆ, ನಾನು ಠಾಣೆಗೆ ಹೊರಡುವ ಮುನ್ನ, ಗುನ್‌ವೊರ್ ಹಲ್ಲೆಂಗ್ರೆನ್ ಆಸ್ಪತ್ರೆಯಿಂದ ಬಂದವರು ಮೂರು ಮಹಡಿ ಹತ್ತಿ ನನ್ನ ಬಾಗಿಲು ಬಡಿದರು. ಕೋಟು ಬಿಚ್ಚಿರಲಿಲ್ಲ. ಒಳಗೆ ಕರೆದೆ, ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಹೇಳಿದ್ದು ಇದು:

“ಬಟ್ಟೆ ತಗೊಂಡು ಮತ್ತೆ ಹೋಗ್ಬೇಕು, ಕೂರಲ್ಲ. ರಾತ್ರಿಯೆಲ್ಲ ಕಣ್ಣು ಬಿಟ್ಟಾಗಲೆಲ್ಲ ಒಂದೇ ಕೇಳ್ತಾನೆ. ‘ಗುನ್‌ವೊರ್, ನೀನು ಹೋಗು ಅಂದೆ, ನಾನು ಎಲ್ಲಿಗೆ ಹೋಗ್ತಾ ಇದ್ದೆ’ ಅಂತ. ಎಲ್ಲಾ ಮರೆಯೋನು, ನಾನು ಅಂದ ಆ ಮಾತೊಂದನ್ನ ಮರೀಲಿಲ್ಲ ನೋಡು. ‘ನೀನು ಮನೆಗೆ ಬರ್ತಾ ಇದ್ದೆ ಕಣೋ’ ಅಂತೀನಿ. ಸುಮ್ನೆ ಸಮಾಧಾನ ಮಾಡಬೇಡ ಅಂತಾನೆ. ನಾನು ಹೇಳಿದ್ರೆ ನಂಬಲ್ಲ ಅವನು. ಆ ಫೋಟೊ ಸರಿಯಾಗಿರೋದು ಒಂದು ಮಾಡ್ಕೊಡು ನನಗೆ. ದೊಡ್ಡದೇನೂ ಬೇಡ, ಮಲಗಿದ್ದಲ್ಲೇ ಹಿಡ್ಕೊಂಡು ನೋಡೋ ಹಾಗಿದ್ರೆ ಸಾಕು.”